‘ಲಾಲ್’ ಬಂದರೆ ಬೀಟಾ ಬ್ಲಾಕರ್, ಸರಿ. ಆಮೇಲೆ?

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಫಾರ್ಮಕಾಲಜಿ (ಔಷಧಶಾಸ್ತ್ರ) ಪರೀಕ್ಷೆಗೆ ಇನ್ನು ಆರು ವಾರ ಇದೆ. ಕಲಿಯಬೇಕಾದ ಪಟ್ಟಿಯಲ್ಲಿ 212 ಔಷಧಗಳ ಹೆಸರಿವೆ. ಎಲ್ಲಕ್ಕೂ ಚೀಟಿ ಬರೆದುಕೊಂಡಿದ್ದೇನೆ: ಮುಂದೆ ಹೆಸರು, ಹಿಂದೆ ಅದರ ವರ್ಗ. ರಾತ್ರಿ ಓದಿದಾಗ ಎಲ್ಲ ಬಂದಹಾಗೆ ಇರುತ್ತದೆ, ನಾಲ್ಕು ದಿನ ಬಿಟ್ಟು ನೋಡಿದರೆ ಅರ್ಧವೂ ಉಳಿದಿರುವುದಿಲ್ಲ. ಹೆಸರಿನ ಬಾಲ ನೋಡಿದರೆ ಸಾಕು, ವರ್ಗ ತಾನಾಗಿ ಗೊತ್ತಾಗುತ್ತದೆ ಎಂದು ಸೀನಿಯರ್‌ಗಳು ಹೇಳಿದರು. ಅವರ ಮಾತು ನಂಬಿ ಕಿರುಪರೀಕ್ಷೆಯಲ್ಲಿ ಕ್ಲಿಂಡಮೈಸಿನ್, ವ್ಯಾಂಕೊಮೈಸಿನ್ ಎರಡನ್ನೂ ಅಜಿತ್ರೊಮೈಸಿನ್ ಗುಂಪಿಗೆ ಸೇರಿಸಿ ಅಂಕ ಕಳೆದುಕೊಂಡೆ. ಡಿಗಾಕ್ಸಿನ್, ಲಿಥಿಯಂ ಥರದವಕ್ಕಂತೂ ಬಾಲವೇ ಇಲ್ಲ. ಬ್ರ್ಯಾಂಡ್ ಹೆಸರುಗಳನ್ನೂ ಕಲಿಯಬೇಕಾ? ನನ್ನ ನೆನಪಿನ ಶಕ್ತಿಯೇ ಕಡಿಮೆ ಇರಬಹುದಾ? ಈ ಚೀಟಿಗಳನ್ನೆಲ್ಲ ಬಿಸಾಕಿ ಬೇರೆ ದಾರಿ ಹಿಡಿಯಲಾ?

ಉತ್ತರ: ನೆನಪಿನ ಶಕ್ತಿಯ ಬಗೆಗಿನ ಅನುಮಾನವನ್ನು ಮೊದಲು ಕಳೆಯೋಣ. ಅದಕ್ಕೆ ಏನೂ ಆಗಿಲ್ಲ. ಅರ್ಥವಿಲ್ಲದ ಸಾಮಾನನ್ನು ತಲೆಗೆ ತುಂಬಿಕೊಂಡರೆ ನಾಲ್ಕು ದಿನದಲ್ಲಿ ಅರ್ಧ ಸೋರಿಹೋಗುವುದು ಯಾರಿಗಾದರೂ ಇದ್ದದ್ದೇ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಇದನ್ನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಅಳೆದು, 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗಳ ಗೊಂಚಲುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಉಳಿಯುತ್ತದೆ ಎಂದು ನೋಡುತ್ತ ಹೋದ. ಹೆಚ್ಚಿನ ಪಾಲು ಮೊದಲ ದಿನದೊಳಗೇ ಮಾಯವಾಗುತ್ತಿತ್ತು. ಈಗ ಯೋಚಿಸಿ: ಫಾರ್ಮಕಾಲಜಿ ಶುರು ಮಾಡಿದ ಹೊಸತರಲ್ಲಿ ‘ಟೆಲ್ಮಿಸಾರ್ಟನ್’ ಎಂಬ ಹೆಸರಿಗೂ ಆ ಅಕ್ಷರಗೊಂಚಲಿಗೂ ಏನು ವ್ಯತ್ಯಾಸ? ನಿಮ್ಮ ಚೀಟಿಯ ಹಿಂಬದಿಯಲ್ಲಿ ‘ಆಂಜಿಯೊಟೆನ್ಸಿನ್ ರಿಸೆಪ್ಟರ್ ಬ್ಲಾಕರ್’ ಎಂದು ಬರೆದಿದ್ದರೆ, ಗೊತ್ತಿಲ್ಲದ ಒಂದು ಹೆಸರಿಗೆ ಗೊತ್ತಿಲ್ಲದ ಇನ್ನೊಂದು ಹೆಸರನ್ನು ಗಂಟುಹಾಕಿದಂತಾಯಿತು, ಅಷ್ಟೇ.

ರಾತ್ರಿ ಓದಿದಾಗ ಎಲ್ಲ ಬಂದಹಾಗೆ ಅನ್ನಿಸುವುದಕ್ಕೂ ಕಾರಣವಿದೆ. ಆಗತಾನೇ ನೋಡಿದ್ದು ಪರಿಚಿತವಾಗಿ ಕಾಣುತ್ತದೆ, ಪರಿಚಯವನ್ನು ನಾವು ಕಲಿಕೆ ಎಂದುಕೊಳ್ಳುತ್ತೇವೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಒಂದೇ ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗುಮುರುಗು. ಹಾಗಾಗಿ ಚೀಟಿಗಳು ತಪ್ಪಲ್ಲ, ಬಿಸಾಕಬೇಡಿ. ಅವುಗಳ ಹಿಂಬದಿಯಲ್ಲಿ ಏನು ಬರೆದಿದ್ದೀರಿ ಎಂಬುದೇ ಸಮಸ್ಯೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬಾಲದ ವಿಷಯ. ಸೀನಿಯರ್‌ಗಳು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1950ರ ದಶಕದಿಂದಲೂ ಪ್ರತಿಯೊಂದು ಹೊಸ ಔಷಧಕ್ಕೆ ಯಾರ ಸ್ವತ್ತೂ ಅಲ್ಲದ ಒಂದು ಅಂತರರಾಷ್ಟ್ರೀಯ ಹೆಸರನ್ನು ಕೊಡುತ್ತ ಬಂದಿದೆ. ಒಂದೇ ಬಗೆಯ ಔಷಧಗಳಿಗೆ ಒಂದೇ ‘ಕಾಂಡ’, ಅಂದರೆ ನಾವು ಬಾಲ ಎನ್ನುತ್ತಿರುವ ಭಾಗ, ಇರಲಿ ಎಂಬುದು ಆ ಪದ್ಧತಿಯ ನಿಯಮ. ಹೀಗಾಗಿ ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಎಲ್ಲವೂ ‘ಪ್ರಿಲ್’. ಲೊಸಾರ್ಟನ್, ಟೆಲ್ಮಿಸಾರ್ಟನ್ ‘ಸಾರ್ಟನ್’. ಅಮ್ಲೊಡಿಪಿನ್, ನಿಫೆಡಿಪಿನ್ ‘ಡಿಪಿನ್’. ಸಿಪ್ರೊಫ್ಲಾಕ್ಸಸಿನ್ ‘ಫ್ಲಾಕ್ಸಸಿನ್’. ಸಿಟಾಗ್ಲಿಪ್ಟಿನ್ ‘ಗ್ಲಿಪ್ಟಿನ್’. ಇವು ನಂಬಿಕಸ್ಥ ಬಾಲಗಳು. ಇವನ್ನು ಕಲಿಯದೆ ಬಿಟ್ಟರೆ ನಷ್ಟ ನಿಮಗೇ.

ಆದರೆ ಬಾಲ ಎಷ್ಟು ಉದ್ದ ಹಿಡಿಯಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ‘ಜೋಲ್’ ಎಂದು ಚಿಕ್ಕದಾಗಿ ಹಿಡಿದರೆ ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್, ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್, ಜಂತುಹುಳುವಿನ ಅಲ್ಬೆಂಡಜೋಲ್, ಮೆಟ್ರೊನಿಡಜೋಲ್ ಎಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ. ‘ಪ್ರಜೋಲ್’, ‘ಕೊನಜೋಲ್’, ‘ಬೆಂಡಜೋಲ್’, ‘ನಿಡಜೋಲ್’ ಎಂದು ಉದ್ದ ಹಿಡಿದರೆ ಬೇರೆಬೇರೆಯಾಗುತ್ತವೆ. ಇಷ್ಟಾದರೂ ‘ಅರಿಪಿಪ್ರಜೋಲ್’ ಬಂದು ಕಾಲಿಗೆ ಅಡ್ಡಬೀಳುತ್ತದೆ. ಅದು ಮನೋರೋಗದ ಔಷಧ, ಅದರ ಕಾಂಡ ‘ಪಿಪ್ರಜೋಲ್’. ‘ಸ್ಟಾಟಿನ್’ ಎಂದರೆ ಕೊಲೆಸ್ಟರಾಲ್‌ಗೆ ಎಂದುಕೊಂಡವರಿಗೆ ‘ನಿಸ್ಟಾಟಿನ್’ ಇದೆ. ಅದು ಬಾಯಹುಣ್ಣಿನ ಶಿಲೀಂಧ್ರಕ್ಕೆ ಹಾಕುವ ಔಷಧ, ನ್ಯೂಯಾರ್ಕ್ ರಾಜ್ಯದ ಹೆಸರಿನಿಂದ ಬಂದದ್ದು. ಇಬ್ಬರು ಮಹಿಳಾ ವಿಜ್ಞಾನಿಗಳು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್, ಕಂಡುಹಿಡಿದದ್ದು. ಅಟೊರ್ವಸ್ಟಾಟಿನ್‌ಗೂ ಅದಕ್ಕೂ ಯಾವ ನಂಟೂ ಇಲ್ಲ. ಬೀಟಾ ಬ್ಲಾಕರ್‌ಗಳ ‘ಒಲಾಲ್’ ಕೂಡ ನೂರಕ್ಕೆ ನೂರು ಅಲ್ಲ: ಸ್ಟಾನೊಜೊಲಾಲ್ ಎಂಬುದು ಕ್ರೀಡಾಪಟುಗಳ ಡೋಪಿಂಗ್ ಸುದ್ದಿಯಲ್ಲಿ ಕಾಣಿಸಿಕೊಳ್ಳುವ ಅನಬಾಲಿಕ್ ಸ್ಟೆರಾಯ್ಡ್.

ನಿಮ್ಮನ್ನು ಕೆಡವಿದ್ದು ‘ಮೈಸಿನ್’. ಅದು ಬಾಲಗಳಲ್ಲೇ ಅತಿ ಮೋಸದ್ದು, ಏಕೆಂದರೆ ಔಷಧ ಏನು ಮಾಡುತ್ತದೆ ಎಂಬುದನ್ನು ಅದು ಹೇಳುವುದೇ ಇಲ್ಲ, ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹೇಳುತ್ತದೆ. ಸ್ಟ್ರೆಪ್ಟೊಮೈಸಿಸ್ ಮತ್ತು ಅದರ ಬಳಗದ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಬಂದದ್ದಕ್ಕೆ ‘ಮೈಸಿನ್’ ಎಂದು ಇಡುತ್ತ ಹೋದರು. ಜೆಂಟಾಮೈಸಿನ್ ಬಂದದ್ದು ಮೈಕ್ರೊಮೊನೊಸ್ಪೊರ ಎಂಬ ಬೇರೆ ಕುಲದಿಂದ, ಆದ್ದರಿಂದ ಇಂಗ್ಲಿಷ್ ಕಾಗುಣಿತದಲ್ಲಿ ಅದಕ್ಕೆ ‘ವೈ’ ಬದಲು ‘ಐ’ ಇದೆ. ಕನ್ನಡದಲ್ಲಿ ಬರೆದುಕೊಂಡರೆ ಈ ಸುಳಿವೂ ಅಳಿಸಿಹೋಗುತ್ತದೆ! ಒಂದೇ ಊರಿನವರು ಎಂಬ ಕಾರಣಕ್ಕೆ ಎಲ್ಲರ ಕಸುಬೂ ಒಂದೇ ಆಗಬೇಕಿಲ್ಲವಲ್ಲ. ವ್ಯಾಂಕೊಮೈಸಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವುದನ್ನು ತಡೆಯುತ್ತದೆ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಅದರ ಪ್ರೋಟೀನ್ ಕಾರ್ಖಾನೆಯ, ಅಂದರೆ ರೈಬೊಸೋಮಿನ, 30ಎಸ್ ಭಾಗಕ್ಕೆ ಅಂಟಿಕೊಳ್ಳುತ್ತವೆ. ಅಜಿತ್ರೊಮೈಸಿನ್ ಮತ್ತು ಕ್ಲಿಂಡಮೈಸಿನ್ ಎರಡೂ 50ಎಸ್ ಭಾಗಕ್ಕೆ ಹೋದರೂ ರಾಸಾಯನಿಕ ರಚನೆಯಲ್ಲಿ ಬೇರೆ, ಮೊದಲನೆಯದು ಮ್ಯಾಕ್ರೊಲೈಡ್, ಎರಡನೆಯದು ಲಿಂಕೊಸಮೈಡ್. ಬ್ಲಿಯೊಮೈಸಿನ್ ಅಂತೂ ಕ್ಯಾನ್ಸರಿಗೆ ಕೊಡುವ ಔಷಧ.

ಅಂಕ ಹೋದದ್ದು ದೊಡ್ಡದಲ್ಲ. ವಾರ್ಡಿನಲ್ಲಿ ಈ ವ್ಯತ್ಯಾಸ ನಿಮ್ಮ ಕೈಕೆಲಸವನ್ನೇ ಬದಲಿಸುತ್ತದೆ. ವ್ಯಾಂಕೊಮೈಸಿನನ್ನು ನಿಧಾನವಾಗಿ ಹರಿಸಬೇಕು, 1 ಗ್ರಾಂಗೆ ಕನಿಷ್ಠ ಒಂದು ಗಂಟೆ; ಅವಸರ ಮಾಡಿದರೆ ರೋಗಿಯ ಮುಖ, ಕುತ್ತಿಗೆ ಕೆಂಪೇರಿ ತುರಿಕೆ ಬರುತ್ತದೆ, ಬಿಪಿ ಇಳಿಯಲೂಬಹುದು. ಜೆಂಟಾಮೈಸಿನ್ ಕೊಡುತ್ತಿರುವಾಗ ಮೂತ್ರದ ಪ್ರಮಾಣ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಬೇಕು, ಕಿವಿ ಗುಂಯ್‌ಗುಡುತ್ತಿದೆಯೇ ಎಂದು ಕೇಳಬೇಕು. ಕ್ಲಿಂಡಮೈಸಿನ್ ತೆಗೆದುಕೊಂಡವರಿಗೆ ಭೇದಿ ಶುರುವಾದರೆ ‘ಏನೋ ತಿಂದಿರಬೇಕು’ ಎಂದು ಬಿಡುವಂತಿಲ್ಲ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಸೋಂಕು ನೆನಪಾಗಬೇಕು. ಅಜಿತ್ರೊಮೈಸಿನ್ ಆದರೆ ಇಸಿಜಿಯ ಕ್ಯೂಟಿ ಅಂತರದ ಮೇಲೆ ಕಣ್ಣು, ಅದು ಉದ್ದವಾದರೆ ಹೃದಯದ ಲಯ ತಪ್ಪಬಹುದು. ನಾಲ್ಕು ‘ಮೈಸಿನ್’, ನಾಲ್ಕು ಬೇರೆ ಎಚ್ಚರಿಕೆ.

ಹಾಗಾದರೆ ದಾರಿ ಯಾವುದು? ನಾನು ಕಲಿಸಿದ ಇಷ್ಟು ವರ್ಷಗಳಲ್ಲಿ ಬೇರೆಬೇರೆ ಉಪಾಯಗಳನ್ನು ವಿದ್ಯಾರ್ಥಿಗಳ ಜೊತೆ ಮಾಡಿ ನೋಡಿದ್ದೇನೆ. ನನ್ನ ಒಲವು ಒಂದರ ಮೇಲಿದೆ ಎಂಬುದನ್ನು ಮುಚ್ಚಿಡುವುದಿಲ್ಲ: ಪ್ರತಿ ವರ್ಗಕ್ಕೂ ಒಂದೇ ಒಂದು ಮಾದರಿ ಔಷಧವನ್ನು ಆರಿಸಿ, ಅದನ್ನು ಮೂಲದಿಂದ ತುದಿಯವರೆಗೆ ಕಲಿಯುವುದು. ಅದೇ ವರ್ಗದ ಉಳಿದ ಔಷಧಗಳನ್ನು ‘ಅದರಂತೆಯೇ, ಆದರೆ...’ ಎಂದು ಶುರುವಾಗುವ ಒಂದು ವಾಕ್ಯದಲ್ಲಿ ಮುಗಿಸುವುದು. 212 ಹೆಸರುಗಳ ಪಟ್ಟಿಯನ್ನು ವರ್ಗವಾರು ಜೋಡಿಸಿ ನೋಡಿ, ಸುಮಾರು ನಲವತ್ತು ನಲವತ್ತೈದು ಗುಂಪುಗಳಾಗಬಹುದು. ಕಲಿಯಬೇಕಾದದ್ದು ಅಷ್ಟು. ಉಳಿದವು ನೆಂಟರು.

ಬೀಟಾ ಬ್ಲಾಕರ್‌ಗಳನ್ನೇ ತೆಗೆದುಕೊಳ್ಳೋಣ, ಮಾದರಿ ಪ್ರೊಪ್ರನೊಲಾಲ್. 1948ರಲ್ಲಿ ಅಮೆರಿಕದ ಔಷಧವಿಜ್ಞಾನಿ ರೇಮಂಡ್ ಆಲ್‌ಕ್ವಿಸ್ಟ್ ಒಂದು ಮಾತು ಹೇಳಿದ: ಅಡ್ರಿನಲಿನ್ ಥರದ ವಸ್ತುಗಳಿಗೆ ದೇಹದಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ರಿಸೆಪ್ಟರ್‌ಗಳಿವೆ, ಅಂದರೆ ಅವು ಬಂದು ಹಿಡಿಯುವ ತಾಣಗಳು. ಹೆಚ್ಚಿನವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ತೆಗೆದುಕೊಂಡ. ಎದೆನೋವಿನ ರೋಗಿಯ ಹೃದಯಕ್ಕೆ ಹೆಚ್ಚು ಆಮ್ಲಜನಕ ಒದಗಿಸಲು ಎಲ್ಲರೂ ಹೆಣಗುತ್ತಿದ್ದಾಗ, ಹೃದಯ ಕೇಳುವ ಆಮ್ಲಜನಕವನ್ನೇ ಕಡಿಮೆ ಮಾಡಿದರೆ ಹೇಗೆ ಎಂದು ಯೋಚಿಸಿದ. ಅದರ ಫಲ 1960ರ ದಶಕದಲ್ಲಿ ಬಂದ, ಬೀಟಾ ರಿಸೆಪ್ಟರ್ ಮುಚ್ಚುವ ಪ್ರೊಪ್ರನೊಲಾಲ್. 1988ರಲ್ಲಿ ಅವನಿಗೆ ನೊಬೆಲ್ ಬಂತು.

ಈ ಒಂದು ಕಥೆ ಗೊತ್ತಿದ್ದರೆ ಚೀಟಿಯ ಹಿಂಬದಿ ತಾನೇ ತುಂಬಿಕೊಳ್ಳುತ್ತದೆ. ಬೀಟಾ-1 ಹೃದಯದಲ್ಲಿದೆ, ಬೀಟಾ-2 ಶ್ವಾಸನಾಳದಲ್ಲಿ. ಹೃದಯ ಒಂದು, ಶ್ವಾಸಕೋಶ ಎರಡು ಎಂದು ನೆನಪಿಟ್ಟುಕೊಂಡರೆ ಆಯಿತು. ಬೀಟಾ-1 ಮುಚ್ಚಿದರೆ ಬಡಿತ ನಿಧಾನ, ಬಿಪಿ ಇಳಿಕೆ. ಹಾಗಾದರೆ ಕೊಡುವ ಮೊದಲು ನೋಡಬೇಕಾದದ್ದು ನಾಡಿ ಮತ್ತು ಬಿಪಿ, ಯಾರೂ ಹೇಳಿಕೊಡಬೇಕಿಲ್ಲ. ಬೀಟಾ-2 ಕೂಡ ಮುಚ್ಚಿದರೆ ಶ್ವಾಸನಾಳ ಬಿಗಿಯುತ್ತದೆ. ಹಾಗಾದರೆ ಆಸ್ತಮಾ ಇದ್ದವರಿಗೆ ಇದು ಅಪಾಯ. ಸಕ್ಕರೆ ದಿಢೀರ್ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಅಡ್ರಿನಲಿನ್ ಕೆಲಸ. ಹಾಗಾದರೆ ಮಧುಮೇಹಿಗೆ ಆ ಎಚ್ಚರಿಕೆಯ ಗಂಟೆ ಕೇಳಿಸದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ, ಏಕೆಂದರೆ ಬೆವರಿನ ಗ್ರಂಥಿಗೆ ಆಜ್ಞೆ ಹೋಗುವುದು ಅಸಿಟೈಲ್‌ಕೋಲಿನ್ ಎಂಬ ಬೇರೊಂದು ರಾಸಾಯನಿಕದ ಮೂಲಕ. ಬಹಳ ದಿನ ಮುಚ್ಚಿಟ್ಟರೆ ದೇಹ ಹೊಸ ರಿಸೆಪ್ಟರ್‌ಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಹಾಗಾದರೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಡಿತವೂ ಬಿಪಿಯೂ ಮರುನೆಗೆತ ನೆಗೆಯುತ್ತವೆ, ಎದೆನೋವು ಮರುಕಳಿಸಬಹುದು.

‘ಹಾಗಾದರೆ’ ಎಷ್ಟು ಸಲ ಬಂತು ನೋಡಿದಿರಾ? ನಿಮ್ಮ ಚೀಟಿಯಲ್ಲಿ ಇಲ್ಲದೆ ಇರುವುದು ಅದೊಂದೇ ಪದ.

ಇನ್ನು ನೆಂಟರು. ಮೆಟೊಪ್ರೊಲಾಲ್: ಅದರಂತೆಯೇ, ಆದರೆ ಹೆಚ್ಚಾಗಿ ಬೀಟಾ-1ಕ್ಕೇ ಹೋಗುತ್ತದೆ. ಅಟೆನೊಲಾಲ್: ಅದೂ ಬೀಟಾ-1, ಆದರೆ ನೀರಿನಲ್ಲಿ ಕರಗುವ ಗುಣ, ಕಿಡ್ನಿಯ ಮೂಲಕ ಹೊರಹೋಗುತ್ತದೆ, ಕಿಡ್ನಿ ಸೋತವರಿಗೆ ಪ್ರಮಾಣ ತಗ್ಗಬೇಕು. ಪ್ರೊಪ್ರನೊಲಾಲ್ ಮೈಗ್ರೇನ್ ತಡೆಗೂ ಬರುತ್ತದೆ; ಅದು ಕೊಬ್ಬಿನಲ್ಲಿ ಕರಗಿ ಮಿದುಳಿಗೆ ಹೋಗುವುದರಿಂದ ಕೆಟ್ಟ ಕನಸುಗಳೂ ಬೀಳಬಹುದು. ಕಾರ್ವೆಡಿಲಾಲ್, ಲಾಬೆಟಲಾಲ್: ಆಲ್ಫಾವನ್ನೂ ಮುಚ್ಚುತ್ತವೆ, ಹಾಗಾಗಿ ರೋಗಿ ಎದ್ದು ನಿಂತಾಗ ತಲೆಸುತ್ತು ಹೆಚ್ಚು. ಟಿಮೊಲಾಲ್: ಕಣ್ಣಿನ ಒತ್ತಡಕ್ಕೆ ಹಾಕುವ ಹನಿ. ಹನಿಯೇ ತಾನೆ ಎನ್ನಬೇಡಿ, ಕಣ್ಣಿನಿಂದ ಮೂಗಿಗೆ ಇಳಿದು ಅಲ್ಲಿಂದ ರಕ್ತಕ್ಕೆ ಸೇರಿ ಆಸ್ತಮಾ ರೋಗಿಯ ಉಸಿರು ಕಟ್ಟಿಸಬಲ್ಲದು. ‘ಹನಿ ಹಾಕುವಾಗ ಕಣ್ಣಿನ ಒಳಮೂಲೆ ಒತ್ತಿ ಹಿಡಿಯಿರಿ’ ಎಂದು ಹೇಳಿಕೊಡುವುದು ಇದಕ್ಕೇ.

‘ಪ್ರಿಲ್’ಗಳಿಗೂ ಹೀಗೆಯೇ ಒಂದು ಮೂಲಕಥೆ ಇದೆ, ಅದು ಹಾವಿನದು. ಬ್ರೆಜಿಲ್‌ನ ಜರಾರಾಕ ಎಂಬ ವಿಷಸರ್ಪದ ವಿಷವು ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯಗೊಡುವುದಿಲ್ಲ ಎಂದು 1960ರ ದಶಕದಲ್ಲಿ ಸೆರ್ಜಿಯೊ ಫೆರೇರ ಕಂಡುಕೊಂಡ. ಬ್ರಾಡಿಕೈನಿನನ್ನು ಒಡೆಯುವ ಕಿಣ್ವವೂ ಬಿಪಿ ಏರಿಸುವ ಆಂಜಿಯೊಟೆನ್ಸಿನ್-2 ತಯಾರಿಸುವ ಕಿಣ್ವವೂ ಒಂದೇ. ಆ ಎಳೆ ಹಿಡಿದು ಬಂದದ್ದು ಕ್ಯಾಪ್ಟೊಪ್ರಿಲ್. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಪ್ರಿಲ್ ತೆಗೆದುಕೊಂಡ ಕೆಲವರಿಗೆ ಬರುವ ಒಣಕೆಮ್ಮು, ಅಪರೂಪಕ್ಕೆ ತುಟಿ ನಾಲಗೆ ಊದುವುದು, ಈ ಒಡೆಯದೆ ಉಳಿದ ಬ್ರಾಡಿಕೈನಿನ್‌ನಿಂದ. ಹಾವಿನ ಕಥೆ ನೆನಪಿದ್ದರೆ ಕೆಮ್ಮು ಮರೆಯುವುದಿಲ್ಲ. ‘ಸಾರ್ಟನ್’ಗಳು ಕಿಣ್ವದ ಗೊಡವೆಗೇ ಹೋಗದೆ ಆಂಜಿಯೊಟೆನ್ಸಿನ್-2 ಅನ್ನು ಅದರ ರಿಸೆಪ್ಟರ್‌ನಲ್ಲಿ ತಡೆಯುತ್ತವೆ, ಆದ್ದರಿಂದ ಕೆಮ್ಮಿನವರನ್ನು ಅದಕ್ಕೆ ಬದಲಾಯಿಸುತ್ತಾರೆ. ಎರಡೂ ಕಿಡ್ನಿಯಿಂದ ಪೊಟ್ಯಾಸಿಯಂ ಹೊರಹಾಕಿಸುವ ಆಲ್ಡೊಸ್ಟಿರಾನ್ ಎಂಬ ಹಾರ್ಮೋನನ್ನು ತಗ್ಗಿಸುವುದರಿಂದ ಪೊಟ್ಯಾಸಿಯಂ ಏರಬಹುದು. ಎರಡೂ ಗರ್ಭಿಣಿಯರಿಗೆ ನಿಷಿದ್ಧ.

ಈ ವಿಧಾನದ ದೊಡ್ಡ ಲಾಭ ಏನೆಂದರೆ, ಒಂದು ಕಡೆ ಕಲಿತ ಚಿತ್ರ ಬೇರೆ ಕಡೆ ಪುಕ್ಕಟೆಯಾಗಿ ಸಿಗುತ್ತದೆ. ಅಟ್ರೊಪಿನ್ ಕಲಿಯುವಾಗ ಅಸಿಟೈಲ್‌ಕೋಲಿನ್ ಹಿಡಿಯುವ ಮಸ್ಕರಿನಿಕ್ ರಿಸೆಪ್ಟರ್ ಮುಚ್ಚಿದರೆ ಆಗುವ ಚಿತ್ರ ಗಟ್ಟಿ ಮಾಡಿಕೊಳ್ಳಿ: ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಮೂತ್ರ ಕಟ್ಟುತ್ತದೆ, ಮಲ ಕಟ್ಟುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಮುದುಕರಿಗೆ ಮಂಕು ಕವಿಯುತ್ತದೆ. ಎರಡು ತಿಂಗಳ ನಂತರ ಅಲರ್ಜಿಗೆ ಕೊಡುವ ಹಳೆಯ ಕ್ಲೋರ್‌ಫೆನಿರಮಿನ್ ಬಂದರೂ ಇದೇ ಚಿತ್ರ, ಖಿನ್ನತೆಯ ಹಳೆಯ ಔಷಧ ಅಮಿಟ್ರಿಪ್ಟಿಲಿನ್ ಬಂದರೂ ಇದೇ ಚಿತ್ರ. ಮೂರು ವರ್ಗ, ಒಂದು ಪಾಠ. ಬಾಲ ನೋಡಿ ಕಲಿತವರಿಗೆ ಈ ಮೂರಕ್ಕೂ ನಂಟು ಇದೆ ಎಂಬುದೇ ಹೊಳೆಯುವುದಿಲ್ಲ.

ಮಧುಮೇಹದ ಮಾತ್ರೆಗಳೂ ಅಷ್ಟೇ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಸುರಿಸುತ್ತದೆ, ಊಟ ಮಾಡಿರಲಿ ಬಿಡಲಿ. ಆದ್ದರಿಂದ ಸಕ್ಕರೆ ತೀರಾ ಇಳಿಯುವ ಅಪಾಯ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ಸಕ್ಕರೆ ಉತ್ಪಾದಿಸುವುದನ್ನು ತಗ್ಗಿಸುತ್ತದೆ, ಒಂಟಿಯಾಗಿ ಕೊಟ್ಟಾಗ ಆ ಅಪಾಯ ಅಪರೂಪ. ‘ಗ್ಲಿಫ್ಲೊಜಿನ್’ಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ, ಸಕ್ಕರೆ ಇದ್ದಲ್ಲಿ ಶಿಲೀಂಧ್ರ, ಆದ್ದರಿಂದ ಜನನಾಂಗದ ಸೋಂಕು.

ಈ ದಾರಿಗೂ ತೊಂದರೆಗಳಿವೆ. ಮೊದಲ ಹತ್ತು ದಿನ ಪಟ್ಟಿ ಮುಂದಕ್ಕೆ ಹೋಗುತ್ತಲೇ ಇಲ್ಲ ಎನ್ನಿಸುತ್ತದೆ. ಪಕ್ಕದವರು ಎಂಬತ್ತು ಹೆಸರು ಮುಗಿಸಿದಾಗ ನೀವು ಎಂಟು ವರ್ಗದಲ್ಲಿ ನಿಂತಿರುತ್ತೀರಿ, ಹೊಟ್ಟೆಯೊಳಗೆ ಚಿಟ್ಟೆ ಹಾರುತ್ತದೆ. ಇನ್ನೊಂದು, ಮಾದರಿಯ ಮೇಲೆ ಅತಿಯಾದ ನಂಬಿಕೆ. ಅಮ್ಲೊಡಿಪಿನ್ ಕಲಿತವರು ವೆರಪಮಿಲ್ ಕೂಡ ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ತಾನೆ, ಅದರಂತೆಯೇ ಇರಬೇಕು ಎಂದುಕೊಳ್ಳುತ್ತಾರೆ. ಅಲ್ಲ. ಅಮ್ಲೊಡಿಪಿನ್ ರಕ್ತನಾಳದ ಮೇಲೆ ಹೆಚ್ಚು, ಕಾಲು ಊದಿಸುತ್ತದೆ. ವೆರಪಮಿಲ್ ಹೃದಯದ ಮೇಲೆ ಹೆಚ್ಚು, ಬಡಿತ ಇಳಿಸುತ್ತದೆ, ಬೀಟಾ ಬ್ಲಾಕರ್ ಜೊತೆ ಸೇರಿದರೆ ಹೃದಯದ ಸಂದೇಶವೇ ಕಟ್ಟಿಹೋಗಬಹುದು. ಇಂಥ ಕಡೆ ಒಂದು ವರ್ಗಕ್ಕೆ ಎರಡು ಮಾದರಿ ಇಟ್ಟುಕೊಳ್ಳಿ.

ಪ್ರಾಸ, ಅಕ್ಷರಸೂತ್ರ, ತಮಾಷೆಯ ವಾಕ್ಯಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕಾರಣವೇ ಇಲ್ಲದ ಪಟ್ಟಿಗೆ ಅವು ಒಳ್ಳೆಯವು. ಕಾರಣ ಇರುವ ಕಡೆ ಸೂತ್ರ ಹಾಕಿಕೊಂಡರೆ ಸೂತ್ರ ಉಳಿದು ಕಾರಣ ಹೋಗುತ್ತದೆ. ಬೇರೆಯವರು ಕಟ್ಟಿದ್ದಕ್ಕಿಂತ ನೀವೇ ಕಟ್ಟಿದ್ದು, ಅದೆಷ್ಟೇ ಪೆದ್ದಾಗಿದ್ದರೂ, ಹೆಚ್ಚು ದಿನ ಬರುತ್ತದೆ. ರೋಗದಿಂದ ಔಷಧಕ್ಕೆ ಬರುವ ದಾರಿಯೂ ಒಂದಿದೆ: ಬಿಪಿಗೆ ಯಾವುವು, ಆಸ್ತಮಾಕ್ಕೆ ಯಾವುವು ಎಂದು. ವಾರ್ಡಿಗೆ ಹೋಗಲು ಶುರು ಮಾಡಿದ ಮೇಲೆ ಅದೇ ಸಹಜ. ಆದರೆ ಅದೊಂದನ್ನೇ ಹಿಡಿದರೆ ಆಸ್ಪಿರಿನ್ ಎಲ್ಲಿಗೆ ಸೇರಬೇಕು? 75ರಿಂದ 100 ಮಿಲಿಗ್ರಾಂ ಕೊಟ್ಟರೆ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಂತೆ ಮಾಡುತ್ತದೆ, ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ನೋವು ಜ್ವರಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಧಿಕೃತ ವರ್ಗೀಕರಣದಲ್ಲೇ ಆಸ್ಪಿರಿನ್‌ಗೆ ಒಂದಕ್ಕಿಂತ ಹೆಚ್ಚು ವಿಳಾಸಗಳಿವೆ.

ಬ್ರ್ಯಾಂಡ್ ಹೆಸರುಗಳನ್ನು ಈ ಆರು ವಾರದಲ್ಲಿ ಮುಟ್ಟಬೇಡಿ. ಅವು ದೇಶದಿಂದ ದೇಶಕ್ಕೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಒಂದೇ ಬ್ರ್ಯಾಂಡಿನ ಹೆಸರಿಗೆ ಒಂದು ಅಕ್ಷರ ಸೇರಿಸಿ ಒಳಗಿನ ಔಷಧವನ್ನೇ ಬದಲಿಸಿ ಮಾರುವುದೂ ಉಂಟು. ಮೂಲ ಹೆಸರಿನಲ್ಲಿ ಎರಡು ರೂಪ ಇರುವ ಕೆಲವನ್ನು ಮಾತ್ರ ಈಗಲೇ ಜೋಡಿಯಾಗಿ ಕಲಿಯಿರಿ: ಪ್ಯಾರಸಿಟಮಾಲ್ ಮತ್ತು ಅಸಿಟಮಿನೊಫೆನ್ ಒಂದೇ, ಅಡ್ರಿನಲಿನ್ ಮತ್ತು ಎಪಿನೆಫ್ರಿನ್ ಒಂದೇ, ಸಾಲ್ಬುಟಮಾಲ್ ಮತ್ತು ಆಲ್ಬ್ಯುಟೆರಾಲ್ ಒಂದೇ. ಅಮೆರಿಕದ ಪುಸ್ತಕ ಓದುವಾಗ ಗಾಬರಿ ಆಗುವುದು ತಪ್ಪುತ್ತದೆ.

ಹೆಸರುಗಳ ಹೋಲಿಕೆ ಬರೀ ಪರೀಕ್ಷೆಯ ಕಾಟವಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿಯಲ್ಲಿ, ತುರಿಕೆಗೆ ಬರೆದಿದ್ದ ಹೈಡ್ರಾಕ್ಸಿಜಿನ್ ಬದಲು ನಾನು ಹೈಡ್ರಲಜಿನ್ ಪೊಟ್ಟಣ ಕೈಗೆತ್ತಿಕೊಂಡಿದ್ದೆ. ಅದು ಬಿಪಿ ಇಳಿಸುವ ಔಷಧ. ಜೊತೆಗಿದ್ದ ಹಿರಿಯ ನರ್ಸ್ ಒಂದೇ ಮಾತು ಕೇಳಿದರು: “ಇವರಿಗೆ ಬಿಪಿ ಎಲ್ಲಿದೆ?” ಅವರು ಹೆಸರನ್ನು ನನಗಿಂತ ಚೆನ್ನಾಗಿ ಓದಿದ್ದರಿಂದ ತಪ್ಪು ಹಿಡಿದದ್ದಲ್ಲ, ಔಷಧದ ಕೆಲಸವನ್ನೂ ಎದುರಿಗಿದ್ದ ರೋಗಿಯನ್ನೂ ಒಟ್ಟಿಗೆ ನೋಡಿದ್ದರಿಂದ. ಇಂಥ ಜೋಡಿಗಳಿಗೆ ಈಗ ಹಲವೆಡೆ ಭಿನ್ನವಾಗಿರುವ ಅಕ್ಷರಗಳನ್ನು ಮಾತ್ರ ದೊಡ್ಡದಾಗಿ ಅಚ್ಚು ಮಾಡುತ್ತಾರೆ. ನಿಮ್ಮ ಚೀಟಿಗಳಲ್ಲೂ ಹಾಗೆ ಮಾಡಬಹುದು. ಇಂಥ ಜೋಡಿಗಳನ್ನು ಒಂದೇ ದಿನ ಕಲಿಯಬೇಡಿ.

ಆರು ವಾರವನ್ನು ಹೇಗೆ ಹಂಚಲಿ ಎಂದರೆ, ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ವಾರ ಪೂರ್ತಿ ಸ್ವನಿಯಂತ್ರಿತ ನರಮಂಡಲಕ್ಕೆ: ಅಡ್ರಿನಲಿನ್, ಪ್ರೊಪ್ರನೊಲಾಲ್, ಸಾಲ್ಬುಟಮಾಲ್, ಅಟ್ರೊಪಿನ್. ನೀರಸ ಅನ್ನಿಸಿದರೂ ಬಿಡಬೇಡಿ, ಮುಂದಿನ ಅರ್ಧ ಪುಸ್ತಕ ಇದರ ಮೇಲೆ ನಿಂತಿದೆ. ಎರಡನೆಯ ವಾರ ಬಿಪಿ, ಹೃದಯ, ಮೂತ್ರವರ್ಧಕಗಳು. ಮೂರನೆಯದರಲ್ಲಿ ನೋವು, ಸ್ಟೆರಾಯ್ಡ್, ಹೊಟ್ಟೆ. ಆಂಟಿಬಯೋಟಿಕ್‌ಗಳಿಗೆ ಒಂದಿಡೀ ವಾರ ಬೇಕು, ಬಾಲದಿಂದಲ್ಲ, ಬ್ಯಾಕ್ಟೀರಿಯಾದ ಯಾವ ಭಾಗಕ್ಕೆ ಏಟು ಎಂಬುದರಿಂದ ಜೋಡಿಸಿಕೊಂಡು. ಐದನೆಯದು ಮಿದುಳು ಮತ್ತು ಮಧುಮೇಹ. ಕೊನೆಯ ವಾರ ಹೊಸದೇನೂ ಬೇಡ. ಕಲಿತದ್ದನ್ನು ಮರುದಿನ, ಮೂರನೇ ದಿನ, ವಾರಕ್ಕೆ, ಎರಡು ವಾರಕ್ಕೆ ಪುಸ್ತಕ ಮುಚ್ಚಿ ಕೇಳಿಕೊಳ್ಳಿ. ಉತ್ತರವನ್ನು ಬಾಯಿಬಿಟ್ಟು ಹೇಳಿ, ಮನೆಮಾತಿನಲ್ಲೇ ಹೇಳಿ. ‘ಇದು ಕಿಡ್ನಿಯಲ್ಲಿ ಉಪ್ಪನ್ನು ವಾಪಸ್ ಹೀರಲು ಬಿಡುವುದಿಲ್ಲ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ’ ಎಂದು ಹೇಳಲು ಬಂದರೆ ನಿಮಗೆ ಅರ್ಥವಾಗಿದೆ. ಇಂಗ್ಲಿಷ್ ವಾಕ್ಯ ಮಾತ್ರ ಬಂದರೆ ಅನುಮಾನ ಪಡಿ.

ಚೀಟಿಗಳನ್ನು ತಿರುವಿ ಬರೆಯುವುದಕ್ಕೆ ಹೆಚ್ಚು ಹೊತ್ತು ಬೇಡ. ಮಾದರಿ ಔಷಧದ ಹಿಂಬದಿಯಲ್ಲಿ ನಾಲ್ಕು ಸಾಲು: ಎಲ್ಲಿ ಹಿಡಿಯುತ್ತದೆ, ಅದರಿಂದ ಏನಾಗುತ್ತದೆ, ಅದೇ ಕಾರಣಕ್ಕೆ ಯಾವ ತೊಂದರೆ, ಕೊಡುವ ಮೊದಲು ಏನು ನೋಡಬೇಕು. ನೆಂಟರಿಗೆ ಒಂದೇ ಸಾಲು. ಪರೀಕ್ಷೆಯಲ್ಲಿ ವರ್ಗ ಮತ್ತು ಉದಾಹರಣೆ ಕೇಳುತ್ತಾರೆ ಎಂಬುದು ಗೊತ್ತು. ಆದ್ದರಿಂದ ಕೆಲವು ಚೀಟಿಗಳನ್ನು ಉಲ್ಟಾ ಮಾಡಿ, ಮುಂದೆ ವರ್ಗ ಬರೆದು ಮೂರು ಉದಾಹರಣೆ ಹೇಳುವ ಅಭ್ಯಾಸ ಇಟ್ಟುಕೊಳ್ಳಿ. ಒಂದು ದಿಕ್ಕಿನಲ್ಲಿ ಕಲಿತದ್ದು ಇನ್ನೊಂದು ದಿಕ್ಕಿನಲ್ಲೂ ತಾನಾಗಿ ಬರುತ್ತದೆ ಎನ್ನುವಂತಿಲ್ಲ.

ಬಾಲವಿಲ್ಲದವು, ಇದ್ದರೂ ಅಷ್ಟಾಗಿ ನೆರವಾಗದವು ಉಳಿದವು: ಡಿಗಾಕ್ಸಿನ್, ಲಿಥಿಯಂ, ವಾರ್ಫರಿನ್, ಫೆನಿಟಾಯಿನ್, ಥಿಯೊಫಿಲಿನ್. ಹೆಚ್ಚಿನವು ಹೆಸರಿಡುವ ಪದ್ಧತಿ ಬರುವ ಮೊದಲೇ ಬಂದ ಹಳಬರು. ಡಿಗಾಕ್ಸಿನ್ ಬಳಗದ ಔಷಧಗಳ ಮೂಲವಾದ ಫಾಕ್ಸ್‌ಗ್ಲವ್ ಗಿಡದ ಬಗ್ಗೆ ವಿಲಿಯಂ ವಿದರಿಂಗ್ ಬರೆದದ್ದು 1785ರಲ್ಲಿ. ವಾರ್ಫರಿನ್ ಹೆಸರಿನ ‘ವಾರ್ಫ್’ ಎಂಬುದು ಅದರ ಸಂಶೋಧನೆಗೆ ಹಣ ಕೊಟ್ಟ, ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧನಾ ಪ್ರತಿಷ್ಠಾನದ ಮೊದಲಕ್ಷರಗಳು, ಮೊದಲು ಅದು ಇಲಿಪಾಷಾಣ. ಇವನ್ನೆಲ್ಲ ಒಂದೇ ದಾರದಲ್ಲಿ ಕಟ್ಟಿಕೊಳ್ಳಿ, ಏಕೆಂದರೆ ಇವುಗಳ ನಡುವೆ ಬಾಲಕ್ಕಿಂತ ಮುಖ್ಯವಾದ ಹೋಲಿಕೆ ಇದೆ: ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಅದಕ್ಕೇ ಇವುಗಳ ಮಟ್ಟವನ್ನು, ವಾರ್ಫರಿನ್ ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಹೇಳುವ ಐಎನ್ಆರ್ ಅನ್ನು, ರಕ್ತಪರೀಕ್ಷೆಯಿಂದ ನೋಡುತ್ತಿರುತ್ತಾರೆ.

ನಿಮ್ಮ ಮೊದಲ ಎರಡು ವಾರ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಕೊಡುತ್ತೇನೆ. ಹೃದಯ ಸೋತ ರೋಗಿಯೊಬ್ಬರು ಮೂತ್ರವರ್ಧಕವಾದ ಫ್ಯೂರೊಸೆಮೈಡ್ ಮತ್ತು ಡಿಗಾಕ್ಸಿನ್ ಎರಡನ್ನೂ ತೆಗೆದುಕೊಳ್ಳುತ್ತಿದ್ದಾರೆ. ಇವತ್ತು ಬೆಳಿಗ್ಗೆಯಿಂದ ಊಟ ಸೇರುತ್ತಿಲ್ಲ, ವಾಕರಿಕೆ, ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುತ್ತಿದೆ ಎನ್ನುತ್ತಾರೆ, ನಾಡಿ 48. ಡಿಗಾಕ್ಸಿನ್ ಪ್ರಮಾಣವನ್ನು ಯಾರೂ ಹೆಚ್ಚಿಸಿಲ್ಲ. ಫ್ಯೂರೊಸೆಮೈಡ್ ಮೂತ್ರದ ಜೊತೆ ಯಾವ ಲವಣವನ್ನು ಹೊರಗೆ ಕಳಿಸುತ್ತದೆ, ಆ ಲವಣ ಕಡಿಮೆಯಾದರೆ ಡಿಗಾಕ್ಸಿನ್‌ಗೆ ತನ್ನ ಜಾಗದಲ್ಲಿ ಪೈಪೋಟಿಯೇ ಇಲ್ಲದಂತಾಗುವುದು ಹೇಗೆ, ಮುಂದಿನ ಮಾತ್ರೆ ಕೊಡುವ ಬದಲು ನೀವು ಯಾರಿಗೆ ಏನು ತಿಳಿಸುತ್ತೀರಿ? ಪುಸ್ತಕ ಮುಚ್ಚಿ ಬರೆದು ನೋಡಿ. ಪೊಟ್ಯಾಸಿಯಂ ಎಂಬ ಪದ ಎರಡನೇ ಸಾಲಿನೊಳಗೆ ಬಂದರೆ ಮೂರನೆಯ ವಾರಕ್ಕೆ ಹೋಗಬಹುದು.